ಕಲಬುರಗಿಯ ಸುಲ್ತಾನ, ಬೇಗಂಪೇಟೆಯ ಗಾಜಿನ ಫಲಕಗಳು

ಖಗೋಳ ವಿಜ್ಞಾನಕ್ಕೆ ಮುಸ್ಲಿಮರು ಸಲ್ಲಿಸಿದ ಸೇವೆಯ ಮಾತು ಬಂದಾಗಲೆಲ್ಲ ನಾವು ಬಗ್ದಾದ್, ಕುರ್ತುಬಾ, ಸಮರ್‌ಕಂದ್‌ಗಳ ಹೆಸರು ಹೇಳಿ ತೃಪ್ತರಾಗುತ್ತೇವೆ. ಮಕ್ಕಳೂ ಅದನ್ನೇ ಕೇಳಿ ಬೆಳೆಯುತ್ತಾರೆ. ಆದರೆ ಚಂದಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರಗಳ ನಮ್ಮ ನೆಲವೇ ಎರಡು ಬಾರಿ ಇಂತಹ ಚರಿತ್ರೆಯ ತೆಕ್ಕೆಯಲ್ಲಿತ್ತು. ಮೊದಲನೆಯದು ಅಪೂರ್ಣವಾಗಿ ಉಳಿಯಿತು, ಎರಡನೆಯದು ಫಲ ಕೊಟ್ಟಿತು. ಇವೆರಡನ್ನೂ ಒಟ್ಟಿಗೆ ಓದಬೇಕೆಂಬುದು ನಮ್ಮ ಅಭಿಪ್ರಾಯ.

ಕ್ರಿ.ಶ. 1397ರಿಂದ 1422ರವರೆಗೆ ಕಲಬುರಗಿಯಿಂದ ಆಳಿದ ತಾಜುದ್ದೀನ್ ಫಿರೋಝ್ ಶಾಹ್ ಬಹಮನಿಯನ್ನು ಭೀಮಾ ತೀರದ ಫಿರೋಝಾಬಾದಿನ ನಿರ್ಮಾತೃವೆಂದೂ ವಿಜಯನಗರದೊಡನೆ ಕಾದಾಡಿದವನೆಂದೂ ಪಠ್ಯಪುಸ್ತಕಗಳು ಪರಿಚಯಿಸುತ್ತವೆ. ಆದರೆ ಇತಿಹಾಸಕಾರ ಫಿರಿಶ್ತಾ ಬೇರೊಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಶೀರಾಝಿನ ವಿದ್ವಾಂಸ ಫಝ್ಲುಲ್ಲಾಹ್ ಇಂಜೂ ಅವರ ಶಿಷ್ಯನಾಗಿದ್ದ ಈ ಸುಲ್ತಾನ ವಾರಕ್ಕೆ ಮೂರು ದಿನ ಸ್ವತಃ ಪಾಠ ಹೇಳುತ್ತಿದ್ದ. ಯೂಕ್ಲಿಡ್‌ನ ರೇಖಾಗಣಿತವೂ ನಸೀರುದ್ದೀನ್ ತೂಸಿಯ ಖಗೋಳ ಗ್ರಂಥದ ವ್ಯಾಖ್ಯಾನವೂ ಆ ಪಾಠಗಳಲ್ಲಿದ್ದವು. ಹಗಲು ಬಿಡುವಾಗದಿದ್ದರೆ ರಾತ್ರಿ ಪಾಠ ನಡೆಯುತ್ತಿತ್ತು. ಇಂದಿನ ಆಡಳಿತಗಾರರಲ್ಲಿ ಇಂಥವರನ್ನು ಹುಡುಕುವ ಶ್ರಮವನ್ನು ಓದುಗರಿಗೇ ಬಿಡುತ್ತೇವೆ!

ಹಿಜ್ರಿ 810ರಲ್ಲಿ, ಅಂದರೆ 1407ರ ಸುಮಾರಿಗೆ, ತನ್ನ ರಾಜ್ಯಕ್ಕೆ ಸೇರಿದ್ದ ದೌಲತಾಬಾದಿನ ಬಾಲಾಘಾಟ್ ಎತ್ತರದಲ್ಲಿ ಒಂದು ವೀಕ್ಷಣಾಲಯ ಕಟ್ಟಲು ಅವನು ಆಜ್ಞಾಪಿಸಿದ. ಹಕೀಮ್ ಹಸನ್ ಗೀಲಾನಿ ಮತ್ತು ಸಯ್ಯಿದ್ ಮುಹಮ್ಮದ್ ಕಾಝರೂನಿ ಅದರ ಹೊಣೆ ಹೊತ್ತರು. ಗಮನಿಸಿ: ಉಲೂಗ್ ಬೇಗ್‌ನ ಸುಪ್ರಸಿದ್ಧ ಸಮರ್‌ಕಂದ್ ವೀಕ್ಷಣಾಲಯ ತಲೆಯೆತ್ತಿದ್ದು 1420ರ ದಶಕದಲ್ಲಿ. ಕಲಬುರಗಿಯ ಯೋಜನೆ ಅದಕ್ಕಿಂತ ಹಿಂದಿನದು. ಆದರೆ ಹಕೀಮ್ ಹಸನ್ ನಿಧನರಾದರು, ಕೆಲಸ ನಿಂತುಹೋಯಿತು. ಅವರ ಸ್ಥಾನದಲ್ಲಿ ನಿಂತು ಕಾರ್ಯ ಮುಂದುವರಿಸಬಲ್ಲ ಶಿಷ್ಯವರ್ಗ ಇರಲಿಲ್ಲವೆಂದೇ ಇದರಿಂದ ನಾವು ಊಹಿಸಬೇಕಾಗುತ್ತದೆ. ಸಮರ್‌ಕಂದ್ 1437ರಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು ಲೋಕಕ್ಕೆ ಕೊಟ್ಟಿತು. ದೌಲತಾಬಾದಿನಿಂದ ನಮಗೆ ಉಳಿದದ್ದು ಫಿರಿಶ್ತಾನ ಕೆಲವು ಸಾಲು ಮಾತ್ರ. ನಮ್ಮ ಭಾಷಣಗಳಲ್ಲಿ ಮೊದಲರ್ಧ ಇದ್ದು ಎರಡನೆಯದು ಬಿಟ್ಟುಹೋಗುವುದುಂಟು.

ಐದು ಶತಮಾನಗಳು ಉರುಳಿದವು. ನಮ್ಮ ತಾಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. 1901ರಲ್ಲಿ ಹೈದರಾಬಾದಿನ ನವಾಬ್ ಝಫರ್ ಜಂಗ್ ಇಂಗ್ಲೆಂಡಿನಿಂದ 15 ಅಂಗುಲದ ದೂರದರ್ಶಕ ತರಿಸಿ, ಸ್ವಂತ ವೀಕ್ಷಣಾಲಯ ತೆರೆದು, ಅದಕ್ಕೆ ನಿಜಾಮಿಯಾ ಎಂದು ಹೆಸರಿಟ್ಟರು. 1907ರಲ್ಲಿ ಅವರು ತೀರಿಕೊಂಡರು. ಇಲ್ಲಿಯೂ ದೌಲತಾಬಾದಿನ ಕಥೆಯೇ ಮರುಕಳಿಸಬಹುದಿತ್ತು. ಆದರೆ ತಮ್ಮ ನಂತರ ಸರಕಾರವೇ ಅದನ್ನು ವಹಿಸಿಕೊಳ್ಳಬೇಕೆಂಬುದು ಅವರ ಬಯಕೆಯಾಗಿತ್ತು, 1908ರಲ್ಲಿ ಅದು ಹಾಗೆಯೇ ಆಯಿತು. ಬೇಗಂಪೇಟೆಗೆ ಸ್ಥಳಾಂತರಗೊಂಡ ಸಂಸ್ಥೆ 1919ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಡಿಲು ಸೇರಿತು. ಚಾಟ್‌ವುಡ್, ಪೋಕಾಕ್, ಭಾಸ್ಕರನ್, ಅಕ್ಬರ್ ಅಲಿ ಒಬ್ಬರ ನಂತರ ಒಬ್ಬರು ಅದನ್ನು ನಡೆಸಿದರು.

ಆಗ ಜಗತ್ತಿನ ಸುಮಾರು ಇಪ್ಪತ್ತು ವೀಕ್ಷಣಾಲಯಗಳು ಇಡೀ ಆಕಾಶವನ್ನು ಪಟ್ಟಿಪಟ್ಟಿಯಾಗಿ ಹಂಚಿಕೊಂಡು ಛಾಯಾಚಿತ್ರ ತೆಗೆಯುತ್ತಿದ್ದವು. ಚಿಲಿಯ ಸಾಂಟಿಯಾಗೊ ಕೈಬಿಟ್ಟ ದಕ್ಷಿಣದ ಪಟ್ಟಿಯನ್ನು ಹೈದರಾಬಾದ್ ವಹಿಸಿಕೊಂಡಿತು. ಅದನ್ನು ಮುಗಿಸಿ ಜರ್ಮನಿಯ ಪೋಟ್ಸ್‌ಡಾಮ್ ಅರ್ಧಕ್ಕೆ ಬಿಟ್ಟಿದ್ದ ಉತ್ತರದ ಪಟ್ಟಿಯ ಒಂದು ಭಾಗವನ್ನೂ ಪೂರೈಸಿತು. ಚಳಿಗಾಲದ ರಾತ್ರಿ ಚಂದಾಪುರದ ಹೊಲದಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಅತ್ಯಂತ ಪ್ರಖರವಾಗಿ ಹೊಳೆಯುವ ಲುಬ್ಧಕ, ಅಂದರೆ ಅರಬಿಯ ಶಿಅ್‌ರಾ, ಕಾಣುತ್ತದೆ. ಅದರ ತುಸು ಕೆಳಗೆ ಹಾದುಹೋಗುವುದೇ ಆ ದಕ್ಷಿಣದ ಪಟ್ಟಿ. ಚಿಂಚೋಳಿ ಮತ್ತು ಹೈದರಾಬಾದ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಬೇಗಂಪೇಟೆಯ ನೆತ್ತಿಯ ಮೇಲೆ ಬಂದ ನಕ್ಷತ್ರ ಸುಮಾರು ನಾಲ್ಕು ನಿಮಿಷಗಳ ನಂತರ ನಮ್ಮ ನೆತ್ತಿಗೂ ಬರುತ್ತದೆ.

ಕೆಲಸ ಬಹಳ ತಾಳ್ಮೆಯದು. ರಾತ್ರಿ ಗಾಜಿನ ಫಲಕದ ಮೇಲೆ ಚಿತ್ರ ಮೂಡಿಸಬೇಕು. ಹಗಲಲ್ಲಿ ಸೂಕ್ಷ್ಮದರ್ಶಕದಡಿ ಒಂದೊಂದು ಚುಕ್ಕಿಯ ಸ್ಥಾನವನ್ನೂ ಅಳೆದು ಬರೆಯಬೇಕು. ಫಲಕದ ಒಂದು ಮಿಲಿಮೀಟರ್ ಎಂದರೆ ಆಕಾಶದಲ್ಲಿ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. 1914ರಿಂದ 1938ರವರೆಗೆ ಹೀಗೆ ನಾಲ್ಕು ಲಕ್ಷಕ್ಕೂ ಮೀರಿದ ನಕ್ಷತ್ರಗಳು ದಾಖಲಾದವು.

ನಕ್ಷತ್ರ ಎಲ್ಲಿದೆ ಎಂದು ಬರೆದಿಟ್ಟರೆ ಏನು ಪ್ರಯೋಜನ? ನಕ್ಷತ್ರಗಳು ನಿಶ್ಚಲವಲ್ಲ, ಅತಿ ನಿಧಾನವಾಗಿ ಜಾಗ ಬದಲಿಸುತ್ತವೆ. ಅನಿಲ ಮತ್ತು ಧೂಳಿನ ತಣ್ಣನೆಯ ಮೋಡ ತನ್ನ ಭಾರಕ್ಕೇ ಕುಸಿದು, ಒಳಗೆ ಬಿಸಿಯೇರಿ, ಜಲಜನಕ ಬೆಸೆದು ಹೀಲಿಯಂ ಆಗತೊಡಗಿದಾಗ ನಕ್ಷತ್ರ ಹುಟ್ಟುತ್ತದೆ. ಒಂದು ಮೋಡದಲ್ಲಿ ಅನೇಕ ನಕ್ಷತ್ರಗಳು ಒಟ್ಟಿಗೆ ಜನಿಸುತ್ತವೆ ಮತ್ತು ಬಹುಕಾಲ ಒಂದೇ ದಿಕ್ಕಿಗೆ ಸಾಗುತ್ತವೆ. ನಮ್ಮ ಹೆಣ್ಣುಮಕ್ಕಳಿಗೆ ಸುರಯ್ಯಾ ಎಂದು ಹೆಸರಿಡುತ್ತೇವಲ್ಲ, ಆ ಕೃತ್ತಿಕೆಯ ಗುಂಪು ಇಂತಹ ಒಡಹುಟ್ಟಿದವರದೇ. ಅವುಗಳ ವಯಸ್ಸು ಹತ್ತು ಕೋಟಿ ವರ್ಷಗಳಷ್ಟು. 460 ಕೋಟಿ ವರ್ಷ ಕಳೆದಿರುವ ಸೂರ್ಯನ ಮುಂದೆ ಅವು ಕೂಸುಗಳು. ಯಾವುದು ಯಾವುದರ ಒಡಹುಟ್ಟು ಎಂದು ತಿಳಿಯಬೇಕಾದರೆ ಅವುಗಳ ಚಲನೆ ಗೊತ್ತಿರಬೇಕು. ಚಲನೆ ತಿಳಿಯಲು ಹಳೆಯ ಸ್ಥಾನದ ವಿಶ್ವಾಸಾರ್ಹ ದಾಖಲೆ ಬೇಕು.

ನಕ್ಷತ್ರದ ಮುಪ್ಪನ್ನು ಅರಿಯುವ ದಾರಿಯೂ ಒಂದು ರೀತಿಯಲ್ಲಿ ಇದೇ ಅಂಗಳದಿಂದ ಹೊರಟಿತು. ನಿಜಾಮಿಯಾದಲ್ಲಿ ಸಹಾಯಕರಾಗಿದ್ದವರೊಬ್ಬರ ಮಗ ವೈನು ಬಾಪ್ಪು ಅಲ್ಲಿಯೇ ಆಡಿ ಬೆಳೆದು, ವಿದ್ಯಾರ್ಥಿಯಾಗಿರುವಾಗಲೇ ಬೆಳಕು ಏರಿಳಿಯುವ ನಕ್ಷತ್ರಗಳ ಬಗ್ಗೆ ಬರೆಯತೊಡಗಿದರು. ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನದಲ್ಲಿ ಹಾರ್ವರ್ಡ್‌ಗೆ ಹೋದರು. ಕೆಂಪು ಚುಕ್ಕಿಯೊಂದು ಹತ್ತಿರದ ಪುಟ್ಟ ನಕ್ಷತ್ರವೋ, ಇಂಧನ ತೀರುತ್ತ ಊದಿಕೊಂಡ ದೂರದ ದೈತ್ಯವೋ ಎಂಬುದು ಬಣ್ಣದಿಂದ ಮಾತ್ರ ತಿಳಿಯದು. ಬೆಳಕಿನಲ್ಲಿರುವ ಕ್ಯಾಲ್ಸಿಯಂ ರೇಖೆಯ ಅಗಲದಿಂದ ನಕ್ಷತ್ರದ ನಿಜವಾದ ಪ್ರಕಾಶವನ್ನೂ ಆ ಮೂಲಕ ದೂರವನ್ನೂ ತಿಳಿಯಬಹುದೆಂದು 1957ರಲ್ಲಿ ವಿಲ್ಸನ್ ಜೊತೆ ಅವರು ತೋರಿಸಿಕೊಟ್ಟರು. ನಮ್ಮ ರೈತರು ಮಳೆಗೆ ಹೆಸರಾಗಿಸಿಕೊಂಡ ರೋಹಿಣಿ, ಅಂದರೆ ಅರಬಿಯ ದಬರಾನ್, ಅಂತಹ ಒಂದು ಮುದಿ ದೈತ್ಯ. 1971ರಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ರೂಪಿಸಿದವರೂ ಬಾಪ್ಪು ಅವರೇ.

ಇನ್ನು ಆ ಗಾಜಿನ ಫಲಕಗಳ ವಿಷಯ. ಐರೋಪ್ಯ ಉಪಗ್ರಹ ಹಿಪಾರ್ಕಸ್ ಅಳೆದ ಸ್ಥಾನಗಳನ್ನು ಹಳೆಯ ವೀಕ್ಷಣಾಲಯಗಳ ಪಟ್ಟಿಗಳೊಂದಿಗೆ ಹೋಲಿಸಿ, 2000ದಲ್ಲಿ 25 ಲಕ್ಷ ನಕ್ಷತ್ರಗಳ ಚಲನೆಯನ್ನು ಟೈಕೊ-2 ಎಂಬ ಹೆಸರಿನಲ್ಲಿ ಪ್ರಕಟಿಸಲಾಯಿತು. ಹೋಲಿಕೆಗೆ ಮುಖ್ಯ ಆಧಾರವಾದದ್ದು ಆ ಇಪ್ಪತ್ತು ವೀಕ್ಷಣಾಲಯಗಳ ಹಂಚಿಕೆಯ ಕೆಲಸ. ಲುಬ್ಧಕದ ಕೆಳಗಿನ ಪಟ್ಟಿಗೆ ಅದರಲ್ಲಿ ಬಳಕೆಯಾದ ಅಂಕಿಗಳು ಬೇಗಂಪೇಟೆಯಲ್ಲಿ ಅಳೆದವು.