ಬಾಣಂತಿ ಸಾವು, ಚಿಕಿತ್ಸೆಯ ದಾಖಲೆ ಮತ್ತು ಕುಟುಂಬದ ಹಕ್ಕು: ಸಿಂಧನೂರು ಸೀಮೆಯ ನೆಲೆಯಿಂದ ಒಂದು ವಿವೇಚನೆ

ಸಾರಾಂಶ

ಹೆರಿಗೆಯನ್ನು ಮನೆಯಿಂದ ಆಸ್ಪತ್ರೆಗೆ ತರುವಲ್ಲಿ ಕರ್ನಾಟಕ ಬಹುಪಾಲು ಗೆದ್ದಿದೆ. ಆಸ್ಪತ್ರೆಯೊಳಗೆ ಆದ ಸಾವಿಗೆ ಉತ್ತರ ಹೇಳುವ ವ್ಯವಸ್ಥೆ ಮಾತ್ರ ಅದಕ್ಕೆ ತಕ್ಕಂತೆ ಬೆಳೆದಿಲ್ಲ. ಬಾಣಂತಿ ಸಾವನ್ನು ಹಕ್ಕಿನ ಉಲ್ಲಂಘನೆಯೆಂದು ಗುರುತಿಸಿದ ತೀರ್ಪುಗಳನ್ನು ಸಿಂಧನೂರಿನ 2024ರ ಘಟನೆಯ ಎದುರಿಟ್ಟು ಓದುವ ಈ ಲೇಖನ, ಚಿಕಿತ್ಸೆಯ ದಾಖಲೆ ಕುಟುಂಬದ ಕೈಸೇರದ ಹೊರತು ಆ ಹಕ್ಕು ಜಾರಿಗೆ ಬರಲಾರದು ಎಂದು ವಾದಿಸುತ್ತದೆ.

1. ಪ್ರಸ್ತಾವನೆ

2024ರ ಅಕ್ಟೋಬರಿನಲ್ಲಿ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆಯಾದ ನಾಲ್ವರು ಬಾಣಂತಿಯರು ತೀರಿಕೊಂಡರು. ಮರುತಿಂಗಳು ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತು, ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಎದ್ದಿತು. ಸಿಂಧನೂರಿನ ಸಾವುಗಳು ರಾಜ್ಯದ ಗಮನಕ್ಕೆ ಬಂದದ್ದು ಆಮೇಲೆ.

ಸಿಂಧನೂರು ತಾಲ್ಲೂಕಿನ ಮುಕ್ಕುಂದದಂಥ ಊರಿನ ಗರ್ಭಿಣಿಗೆ ಹೆರಿಗೆ ಕಷ್ಟವಾದರೆ ತಾಲ್ಲೂಕು ಆಸ್ಪತ್ರೆಯೇ ಗತಿ. ಅಲ್ಲೂ ಆಗದಿದ್ದರೆ ರಾಯಚೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ರಿಮ್ಸ್‌ಗೆ ಇಲ್ಲವೇ ಬಳ್ಳಾರಿಗೆ ರೆಫರ್. ಈ ದಾರಿ ಹಿಡಿಯಲು ಅವಳನ್ನು ಒಪ್ಪಿಸಿದ್ದು ಸರಕಾರವೇ. 2005ರ ಜನನಿ ಸುರಕ್ಷಾ ಯೋಜನೆ ಆಸ್ಪತ್ರೆ ಹೆರಿಗೆಗೆ ಹಣ ಕೊಟ್ಟಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸಿಸೇರಿಯನ್, ಔಷಧ, ರಕ್ತ, ಊಟ, ವಾಹನ ಎಲ್ಲವನ್ನೂ ಉಚಿತವಾಗಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಆದರೂ 2018–20ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ದಕ್ಷಿಣದ ಐದು ರಾಜ್ಯಗಳಲ್ಲಿ ಇದೇ ಹೆಚ್ಚು. ಈ ಲೆಕ್ಕ ರಾಜ್ಯದ ಸರಾಸರಿಯದು, ರಾಯಚೂರಿನ ಪಾಲು ಎಷ್ಟೆಂದು ಅದು ಹೇಳುವುದಿಲ್ಲ. ಮನೆಯಲ್ಲಾದ ಸಾವನ್ನು ಹಣೆಬರಹವೆಂದು ಬಿಟ್ಟ ಕಾಲವಿತ್ತು. ಬಾ ಎಂದು ಕರೆದ ಆಸ್ಪತ್ರೆಯಲ್ಲಿ ಆದ ಸಾವಿಗೆ ಕರೆದವರು ಉತ್ತರ ಕೊಡಲೇಬೇಕು.

2. ನ್ಯಾಯಪೀಠಗಳು ಕಂಡ ಬಗೆ

2002ರ ನವೆಂಬರಿನಲ್ಲಿ ಬ್ರೆಜಿಲಿನ ಅಲೀನ್ ಡ ಸಿಲ್ವ ಪಿಮೆಂಟೆಲ್ ಎಂಬ 28 ವರ್ಷದ ಕಪ್ಪು ಜನಾಂಗದ ಗರ್ಭಿಣಿ ಹೊಟ್ಟೆನೋವೆಂದು ಆಸ್ಪತ್ರೆಗೆ ಹೋದಾಗ ಮನೆಗೆ ಕಳಿಸಿದರು. ಮಗು ಹೊಟ್ಟೆಯಲ್ಲೇ ಸತ್ತಿತ್ತು. ಕೊನೆಗೆ ದೊಡ್ಡಾಸ್ಪತ್ರೆಗೆ ಸಾಗಿಸಿದಾಗ ಅವಳ ಚಿಕಿತ್ಸೆಯ ಕಾಗದಗಳನ್ನು ಜೊತೆಗೆ ಕಳಿಸಲಿಲ್ಲ. ಹಾಸಿಗೆಯಿಲ್ಲದೆ ಕಾರಿಡಾರಿನಲ್ಲಿ ಗಂಟೆಗಟ್ಟಲೆ ಮಲಗಿದ್ದು ಅವಳು ಪ್ರಾಣಬಿಟ್ಟಳು. ಅವಳ ತಾಯಿಯ ದೂರಿನ ಮೇಲೆ 2011ರಲ್ಲಿ ಮಹಿಳಾ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆ ಸಮಿತಿ ಬ್ರೆಜಿಲ್ ಸರಕಾರವನ್ನೇ ಹೊಣೆ ಮಾಡಿತು. ಬಾಣಂತಿ ಅಥವಾ ಗರ್ಭಿಣಿಯ ಸಾವಿನ ಬಗ್ಗೆ ಅಂತರರಾಷ್ಟ್ರೀಯ ಒಪ್ಪಂದ ಸಮಿತಿಯೊಂದು ಕೊಟ್ಟ ಮೊದಲ ನಿರ್ಣಯವದು. ಭಾರತ ಈ ಸಮಿತಿಯ ಹಿಂದಿರುವ ಮಹಿಳಾ ತಾರತಮ್ಯ ನಿವಾರಣಾ ಒಪ್ಪಂದವನ್ನು 1993ರಲ್ಲಿ ಅನುಮೋದಿಸಿದ್ದರೂ, ವ್ಯಕ್ತಿಗಳು ಸಮಿತಿಗೆ ದೂರು ಕೊಡಲು ಅವಕಾಶ ಮಾಡುವ ಐಚ್ಛಿಕ ಪ್ರೋಟೋಕಾಲನ್ನು ಒಪ್ಪಿಲ್ಲ. ರಾಯಚೂರಿನ ತಾಯಿಗೆ ಆ ಬಾಗಿಲು ಮುಚ್ಚಿದೆ.

ಹಾಗಾಗಿ ನಮ್ಮ ಕೋರ್ಟುಗಳ ಮಾತೇ ಮುಖ್ಯ. ಬಡ ಗರ್ಭಿಣಿಯರಿಗೆ ಪಡಿತರ ಚೀಟಿಯ ನೆಪದಲ್ಲಿ ಸೌಲಭ್ಯ ತಪ್ಪಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2010ರ ಜೂನ್ 4ರಂದು (ಲಕ್ಷ್ಮಿ ಮಂಡಲ್ ಪ್ರಕರಣ, ನ್ಯಾ. ಎಸ್. ಮುರಳೀಧರ್), ತಾಯ್ತನದ ಆರೋಗ್ಯ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. 2016ರಲ್ಲಿ ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇದೇ ವಿಧಿಯ ನೆಲೆಯಲ್ಲಿ, ಮೂರು ವರ್ಷದೊಳಗೆ ಸಂತಾನಹರಣ ಚಿಕಿತ್ಸಾ ಶಿಬಿರಗಳನ್ನು ನಿಲ್ಲಿಸಲು ಸೂಚಿಸಿತು. ಇಷ್ಟಾದ ಮೇಲೂ 2022ರ ನವೆಂಬರಿನಲ್ಲಿ ತುಮಕೂರಿನ ಜಿಲ್ಲಾಸ್ಪತ್ರೆಗೆ ಹೋದ ಗರ್ಭಿಣಿಯನ್ನು ತಾಯಿ ಕಾರ್ಡ್ (ಗರ್ಭಿಣಿಯರ ನೋಂದಣಿ ಚೀಟಿ) ಇಲ್ಲವೆಂದು ದಾಖಲಿಸಿಕೊಳ್ಳಲಿಲ್ಲ; ಆಕೆಯೂ ಅವಳಿ ಕೂಸುಗಳೂ ಮನೆಯಲ್ಲೇ ಅಸುನೀಗಿದರು.

3. ದಾಖಲೆ ಯಾರದು?

ಹಕ್ಕು ಇದೆ, ಅದನ್ನು ಸಾಬೀತು ಮಾಡುವ ಸಾಮಗ್ರಿ ಎದುರುಪಕ್ಷದ ಬೀರುವಿನಲ್ಲಿದೆ. ಸಲೈನ್ ಬಾಟಲಿಯನ್ನೇ ನೋಡೋಣ. ಅದರ ಲೇಬಲ್ಲಿನಲ್ಲಿ ಬ್ಯಾಚ್ ನಂಬರ್ ಇರುತ್ತದೆ. ಯಾವ ಹೊತ್ತಿಗೆ ಯಾವ ಬ್ಯಾಚಿನ ಬಾಟಲಿ ಏರಿಸಿದರೆಂದು ಕೇಸ್ ಶೀಟಿನಲ್ಲಿ ಬರೆಯದಿದ್ದರೆ, ಖಾಲಿ ಬಾಟಲಿ ಕಸದ ಬುಟ್ಟಿ ಸೇರಿದ ಗಳಿಗೆಯಲ್ಲೇ ಸಾಕ್ಷ್ಯವೂ ಹೋಯಿತು. ಮುಂದೆ ಆ ಬ್ಯಾಚು ಕಳಪೆಯೆಂದು ಪ್ರಯೋಗಾಲಯ ಹೇಳಿದರೂ, ಅದು ಇದೇ ಬಾಣಂತಿಯ ಮೈಸೇರಿತ್ತೆಂದು ಹೇಳುವವರಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ರೂಢಿಯಲ್ಲಿ ತಪಾಸಣೆ ಒಂದೂರಲ್ಲಿ, ಹೆರಿಗೆ ಇನ್ನೊಂದೂರಲ್ಲಿ. ಕಾಗದ ಇನ್ನೂ ಚದುರುತ್ತದೆ.

ಪ್ರತಿ ತಾಯಿ ಮರಣದ ಪರಿಶೀಲನೆ ನಡೆಯುತ್ತದೆಯಲ್ಲ ಎನ್ನಬಹುದು. ಆ ಪರಿಶೀಲನೆ ಯಾರನ್ನೂ ದೂರದೆ ವ್ಯವಸ್ಥೆಯನ್ನು ತಿದ್ದಲೆಂದು ಇರುವಂಥದು. ವೈದ್ಯರು, ದಾದಿಯರು ಅಂಜದೆ ಮಾತಾಡಲು ಆ ಗೋಪ್ಯತೆ ಬೇಕು. ಆದರೆ ಪರಿಶೀಲನೆಯ ವರದಿ ಬೇರೆ, ಕೇಸ್ ಶೀಟು ಬೇರೆ. ರೋಗಿ ಅಥವಾ ಆಕೆಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳೇ ಹೇಳುತ್ತವೆ. ಮೊದಲನೆಯದರ ಗೋಪ್ಯತೆಯನ್ನು ಎರಡನೆಯದಕ್ಕೆ ಹೊದಿಸುವುದು ಸಲ್ಲದು.

4. ನ್ಯಾಯದ ದಾರಿ

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರದೆಂದು ಸುಪ್ರೀಂ ಕೋರ್ಟ್ 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿದೆ. ಉಚಿತ ಹೆರಿಗೆಯ ಬಡವರಿಗೆ ಉಳಿಯುವುದು ಸಿವಿಲ್ ದಾವೆ, ಇಲ್ಲವೇ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್ ಅರ್ಜಿ. ವಕೀಲರ ಖರ್ಚಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಇದೆ: ಹೆಂಗಸರಿಗೂ ಮಕ್ಕಳಿಗೂ ವರಮಾನ ನೋಡದೆ ನೆರವು ಕೊಡಬೇಕು. ಬಾಣಂತಿ ಸತ್ತ ಮನೆಯಲ್ಲಿ ಅವಳ ಹಡೆದವ್ವ ಇರುತ್ತಾಳೆ, ಬದುಕುಳಿದ ಕೂಸು ಇರುತ್ತದೆ. ಇಬ್ಬರೂ ಈ ನೆರವಿಗೆ ಹಕ್ಕುದಾರರು. ತಾಲ್ಲೂಕು ಕಾನೂನು ಸೇವಾ ಸಮಿತಿ ಇದನ್ನು ತಾನಾಗಿಯೇ ಹೋಗಿ ತಿಳಿಸಬೇಕು.

5. ಉಪಸಂಹಾರ

ಸಾವಿನ ಮೇಲೆ ಘೋಷಿಸುವ ಪರಿಹಾರಧನ ಬೇಕು, ಆದರೆ ಅದು ಉತ್ತರವಲ್ಲ. ತಾಯಿ ಸತ್ತ ಪ್ರತಿ ಪ್ರಕರಣದಲ್ಲಿ ಔಷಧ, ದ್ರಾವಣಗಳ ಬ್ಯಾಚ್ ನಂಬರ್ ಸಹಿತ ಕೇಸ್ ಶೀಟಿನ ಪ್ರತಿಯನ್ನು, ಕನ್ನಡದ ಸಾರಾಂಶದೊಂದಿಗೆ, ಕೇಳುವ ಮೊದಲೇ ಕುಟುಂಬಕ್ಕೆ ಕೊಡುವಂತೆ ಸರಕಾರ ಆದೇಶಿಸಬೇಕು. ಇದಕ್ಕೆ ಹೊಸ ಆಸ್ಪತ್ರೆ ಕಟ್ಟಬೇಕಿಲ್ಲ, ಹೊಸ ತಜ್ಞರೂ ಬೇಕಿಲ್ಲ. ಈ ಕಾಗದ ಕೈಗೆ ಬಂದರೆ 21ನೇ ವಿಧಿ ಮುಕ್ಕುಂದದ ಮನೆಗೂ ತಲುಪುತ್ತದೆ. ಬಾರದಿದ್ದರೆ ತೀರ್ಪುಗಳು ಗ್ರಂಥಾಲಯದಲ್ಲೇ ಉಳಿಯುತ್ತವೆ.