ಗೆದ್ದ ಪಣ, ಕೈಸೇರದ ಹಣ

“ಗೆದ್ದ ರೊಕ್ಕ ಕೊಡದ ಖಾತೆ ಬಂದ್ ಮಾಡ್ಯಾರ್ರಿ ಸರ, ಕೋರ್ಟಿಗೆ ಹೋಗ್ಲೇನ್ರಿ?” ಎಂದು ಸಿಂದಗಿಯ ತರುಣನೊಬ್ಬ ಮೊಬೈಲು ತೋರಿಸಿ ಕೇಳಿದನು. ಪ್ರಶ್ನೆ ಬಲು ಹಳೆಯದು.

ಇಂಡಿ, ಮುದ್ದೇಬಿಹಾಳ, ಬಾಗೇವಾಡಿಗಳನ್ನೊಳಗೊಂಡ ಈ ಸೀಮೆಯನ್ನು ಕಲ್ಯಾಣದ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದನು. ಆ ಸ್ಮೃತಿಯಂತೆ ಸಭಿಕನು, ಎಂದರೆ ಜೂಜುಕಟ್ಟೆಯ ಒಡೆಯನು, ಗೆದ್ದವನಿಗೆ ಹಣ ವಸೂಲು ಮಾಡಿಕೊಡತಕ್ಕದ್ದು, ತನಗೆ ಪಾಲು ಸಂದ ಬಹಿರಂಗ ಕಟ್ಟೆಯಾದರೆ ಅರಸನೇ ಕೊಡಿಸತಕ್ಕದ್ದು, ಅಲ್ಲದಿದ್ದರೆ ಇಲ್ಲ.

1872ರ ಕರಾರು ಕಾಯಿದೆಯ 30ನೆಯ ಕಲಮು ಆ ಬಾಗಿಲನ್ನೂ ಮುಚ್ಚಿತು: ಪಂದ್ಯದಲ್ಲಿ ಗೆದ್ದ ಹಣಕ್ಕೆ ದಾವೆ ನಡೆಯದು. 2023ರ ಅಕ್ಟೋಬರಿನಿಂದ ಸರಕಾರವು ಹಣವಿಟ್ಟಾಡುವ ಆನ್‌ಲೈನ್ ಆಟಗಳ ಮೇಲೆ ನೂರಕ್ಕೆ 28ರಂತೆ ತೆರಿಗೆ ಹಾಕಿತು. 2025ರಲ್ಲಿ ಸಂಸತ್ತು ಅವನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಿತು. ಪಾಲುಂಡ ಅರಸು ಪಣ ಕೊಡಿಸಬೇಕೆಂಬ ಹಳೆಯ ನ್ಯಾಯ ಮಾತ್ರ ಮರಳಲಿಲ್ಲ.

“ಉಳಿದದ್ದನ್ನಾದರೂ ಉಳಿಸಿಕೊ, ತಮ್ಮಾ” ಎಂದೆನು.