ಆಟವನ್ನು ಬರೆದಿಡುವ ಬಗೆ

ಚರಿತ್ರೆಯನ್ನು ಬೋಧಿಸಿದ ನನಗೆ ಯುದ್ಧಗಳ ಇಸವಿಗಳೆಲ್ಲ ಇಂದಿಗೂ ಕಂಠಪಾಠವಾಗಿವೆ. ಆದರೆ ನಮ್ಮ ಹಿರಿಯರು ಆಡಿದ ಒಂದೇ ಒಂದು ಚೌಕಾಬಾರದ ಆಟ ಹೇಗೆ ನಡೆಯಿತೆಂದು ತಿಳಿಯಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಹಳೆಯ ದೇವಾಲಯಗಳ ಜಗಲಿಯ ಚಪ್ಪಡಿಗಳ ಮೇಲೆ ಕೊರೆದ ಮನೆಗಳನ್ನು ನೀವೂ ಕಂಡಿರುತ್ತೀರಿ. ಹಾಸು ಉಳಿಯಿತು, ಆಟ ಉಳಿಯಲಿಲ್ಲ. ಯಾರು ಯಾರ ಕಾಯನ್ನು ಕಡಿದರು, ಯಾರು ಮುನಿಸಿಕೊಂಡು ಎದ್ದುಹೋದರು, ಎಲ್ಲವೂ ಅಂದಂದಿಗೇ ಅಳಿಸಿಹೋಯಿತು.

ಇದಕ್ಕೆ ಅಪವಾದ ಚದುರಂಗದ ಕುದುರೆ. ಅದು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಿ ಬರುವ ದಾರಿಯನ್ನು ಅಂಕಿಗಳಲ್ಲಿ ಬರೆದಿಡಬಹುದು. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟ ಈ ನಡೆಯನ್ನು ಪದ್ಯದೊಳಗೇ ಹುದುಗಿಸಿದ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ (1794-1868) ಇದರ ಗೀಳು ಬಲವಾಗಿತ್ತು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಸಿದುಕೊಂಡ ಮೇಲೆ ಅರಸರಿಗೆ ಬಿಡುವಿಗೆ ಕೊರತೆಯಿರಲಿಲ್ಲ! 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗವಾದ 'ಕೌತುಕನಿಧಿ'ಯನ್ನು ಅವರು ಆಟಗಳಿಗೇ ಮೀಸಲಿಟ್ಟರು. ಅಡ್ಡಸಾಲು, ಉದ್ದಸಾಲು ಯಾವುದನ್ನು ಕೂಡಿದರೂ 260 ಬರುವಂಥ ಕುದುರೆ ನಡೆಯೊಂದು ಅವರ ಹೆಸರಿನಲ್ಲಿದೆ. ಆ ಅಂಕಿಗಳನ್ನು 1ರಿಂದ ಅನುಸರಿಸಿದರೆ ಅರಸರ ಬೆರಳು ಓಡಿದ ದಾರಿಯಲ್ಲೇ ನಮ್ಮ ಬೆರಳೂ ಓಡುತ್ತದೆ.

ಇನ್ನು ಮೊಬೈಲಿನ ಕಾಲ. 2014ರ ಆಂಡ್ರಾಯ್ಡ್ 5 ಬಂದಮೇಲೆ ಫೋನಿನ ಪರದೆಯನ್ನು ಆ್ಯಪ್‌ಗಳ ಮೂಲಕ ಚಿತ್ರೀಕರಿಸುವುದು ಸುಲಭವಾಯಿತು. ಆಪಲ್ 2017ರಲ್ಲಿಯೂ ಆಂಡ್ರಾಯ್ಡ್ 2020ರಲ್ಲಿಯೂ ಅದಕ್ಕೆಂದೇ ಗುಂಡಿಯನ್ನು ಕೊಟ್ಟವು. 2016ರಲ್ಲಿ ಜಿಯೋ ಬಂದು ಇಂಟರ್‌ನೆಟ್ ಅಗ್ಗವಾದದ್ದು ನಿಮಗೆ ನೆನಪಿದೆಯಲ್ಲ? ನಮ್ಮ ನಂದಗುಡಿಯ ಹುಡುಗರೂ ಜಗಲಿ ಬಿಡದೆ ಪಬ್ಜಿ ಆಡಿದರು, ಗೆದ್ದ ಆಟವನ್ನು ರೆಕಾರ್ಡ್ ಮಾಡಿ ಹಂಚಿಕೊಂಡರು. ಹಿರಿಯರು ಗದರಿದರು; ಗದರಿದವರಲ್ಲಿ ನಾನೂ ಒಬ್ಬ, ಅದಕ್ಕಾಗಿ ಪಶ್ಚಾತ್ತಾಪವೇನಿಲ್ಲ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿಯನ್ನು ನಿಷೇಧಿಸಿತು. ಮರುವರ್ಷ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈನಲ್ಲಿ ಮತ್ತೆ ಮರೆಯಾಯಿತು, 2023ರಲ್ಲಿ ಮರಳಿತು. ಇಲ್ಲಿ ಚರಿತ್ರೆ ತಲೆಕೆಳಗಾಗಿದೆ. ಜಗಲಿಯ ಕಲ್ಲಿನಲ್ಲಿ ಹಾಸು ಉಳಿದು ಆಟ ಅಳಿದಿತ್ತು. ಈಗ ಹಾಸನ್ನೇ ಯಾರೋ ಒಂದು ರಾತ್ರಿಯಲ್ಲಿ ಮಡಿಚಿಟ್ಟರೂ ಆಡಿದ ಆಟ ಫೋನಿನಲ್ಲಿ ಉಳಿದಿರುತ್ತದೆ.

ಇದರಲ್ಲಿ ತಾಂತ್ರಿಕವಾದ ಒಂದು ಸಂಗತಿಯುಂಟು. ಆಟದ ಒಳಗಿನ ಸದ್ದನ್ನು ನೇರವಾಗಿ ಹಿಡಿಯುವ ಸೌಕರ್ಯ ಆಂಡ್ರಾಯ್ಡಿಗೆ ಬಂದದ್ದು 2019ರ ಹತ್ತನೆಯ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ಫೋನುಗಳು ಸಾಮಾನ್ಯವಾಗಿ ಮೈಕಿನಿಂದಲೇ ಸದ್ದನ್ನು ಹಿಡಿಯುತ್ತಿದ್ದುದರಿಂದ ಗುಂಡಿನ ಸದ್ದಿನೊಂದಿಗೆ ಮನೆಯ ಸದ್ದೂ ಒಳಗೆ ಸೇರುತ್ತಿತ್ತು. ನನ್ನ ಮೊಮ್ಮಗನ ಹಳೆಯ ಫೋನಿನಲ್ಲಿ ಅಂಥದ್ದೊಂದು ಹನ್ನೆರಡು ನಿಮಿಷದ ಆಟವಿದೆ. ಕುಕ್ಕರಿನ ಮೂರು ಸೀಟಿ, ರಸ್ತೆಯಲ್ಲಿ ಚಿಂತಾಮಣಿ ಬಸ್ಸಿನ ಹಾರನ್, ಒಂಬತ್ತನೆಯ ನಿಮಿಷದಲ್ಲಿ 'ಮುದ್ದೆ ಆರಿಹೋಗ್ತದೆ, ಬಾರೋ' ಎಂಬ ಕರೆ. ಕರೆದ ನನ್ನ ಹೆಂಡತಿ ಈಗಿಲ್ಲ. ಅವಳ ಭಾವಚಿತ್ರಗಳು ಮನೆಯಲ್ಲಿ ಬೇಕಾದಷ್ಟಿವೆ. ಧ್ವನಿ ಇರುವುದು ಅದೊಂದರಲ್ಲೇ. ಆ ಫೋನಿನ ಬ್ಯಾಟರಿ ಉಬ್ಬಿಕೊಂಡಿದೆ. ಹೊಸಕೋಟೆಯ ರಿಪೇರಿ ಅಂಗಡಿಗೆ ಕಡತವನ್ನು ಪ್ರತಿಮಾಡಿಸಲು ಕೊಟ್ಟಿದ್ದೇನೆ, ಮಂಗಳವಾರ ಬರಲು ಹೇಳಿದ್ದಾರೆ.